ಮಧ್ಯಾಹ್ನದ ವಾಯ್ಸ್ ಕೇಳಿದ ಎಲ್ಲರಿಗೂ, ಆಮೇಲೆ ನಮ್ಮ ಅಕ್ಕನಿಗೆ

ಅಂತೂ ಸೀಸನ್ ಮುಗಿಯಿತು. 2024–25ರ ಎನ್‌ಬಿಎ (ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್) ಟ್ರೋಫಿ ಒಕ್ಲಹೋಮಾ ಸಿಟಿ ತಂಡಕ್ಕೆ ಹೋಯಿತು. ಚಿಕ್ಕಮಗಳೂರಲ್ಲಿ ಕೂತು ಅಕ್ಟೋಬರಿನಿಂದ ಜೂನ್‌ವರೆಗೆ ಅಷ್ಟನ್ನೂ ಕನ್ನಡದಲ್ಲಿ ಹೇಳಿ ಮುಗಿಸುತ್ತೇನೆ ಅಂತ ನಾನು ಹಚ್ಚಿಕೊಂಡಿದ್ದ ಹುಚ್ಚೂ ದಡ ಕಂಡಿತು. ನಡುವೆ ಎಷ್ಟೋ ದಿನ ಹೇಳಿದ್ದು ನಾನಲ್ಲ ಅನ್ನೋದು ಕೇಳಿದವರಿಗೆಲ್ಲ ಗೊತ್ತು. ಅದಕ್ಕೇ ಈ ಬರಹ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳೋಣ ಅಂದರೆ ಒಂದೇ ಸಮ ಮಾತಾಡಲು ಇನ್ನೂ ಉಸಿರು ಸಾಲುತ್ತಿಲ್ಲ.

ಫೋನಿನಲ್ಲಿರುವ ನಮ್ಮ ಗುಂಪಿಗೆ ಈಚೆಗೆ ಸೇರಿದವರಿಗೆ ಎರಡು ಮಾತು. ನಾನು ಶಾಲೆಯಲ್ಲಿ ಪಿಟಿ ಮಿಸ್. ಕಾಲೇಜು ದಿನಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವಳು. ಅಮೆರಿಕದ ಸಂಜೆಯ ಪಂದ್ಯಗಳು ನಮಗೆ ಬೆಳಗಿನ ಜಾವ ಶುರುವಾಗುತ್ತವೆ. ಅಲ್ಲಿನ ಪಶ್ಚಿಮ ಕರಾವಳಿಯ ಪಂದ್ಯ ಮುಗಿಯುವ ಹೊತ್ತಿಗೆ ಇಲ್ಲಿ ಹನ್ನೊಂದು, ಹನ್ನೊಂದೂವರೆ. ಊಟದ ಬೆಲ್ ಹೊಡೆದ ಮೇಲೆ ಸ್ಪೋರ್ಟ್ಸ್ ರೂಮಿನಲ್ಲಿ ಹೈಜಂಪ್ ಮ್ಯಾಟ್ ಮೇಲೆ ಕೂತು ಆ ದಿನದ ಪಂದ್ಯಗಳ ಕಥೆಯನ್ನು ವಾಯ್ಸ್ ಮೆಸೇಜ್ ಮಾಡಿ ಗುಂಪಿಗೆ ಹಾಕುವುದು, ಇಷ್ಟೇ ನನ್ನ ಯೋಜನೆ. 30 ತಂಡ, ತಂಡಕ್ಕೆ 82 ಪಂದ್ಯ. ಎಲ್ಲವನ್ನೂ ಹೇಳಲಾಗುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ನಮ್ಮ ಶಾಲೆ ಟೀಮಿನ ಹುಡುಗಿಯರು ಕೇಳಿದರೆ ಸಾಕು ಅಂದುಕೊಂಡಿದ್ದೆ. ನೋಡ್ತಾ ನೋಡ್ತಾ ಅವರಪ್ಪಂದಿರು, ಆಟದ ಮೈದಾನದಲ್ಲಿ ಸಂಜೆ ಆಡೋ ಹುಡುಗರು, ಮೂಡಿಗೆರೆ ಕಡೆಯವರು, ಹಾಸನದವರು ಎಲ್ಲ ಸೇರಿಕೊಂಡರು.

ಮೊದಲ ವಾಯ್ಸ್ ಅಕ್ಟೋಬರ್ 23ರದು. ಲೇಕರ್ಸ್ ತಂಡದ ಪಂದ್ಯದ ಎರಡನೇ ಕ್ವಾರ್ಟರಿನಲ್ಲಿ ಹೆಸರಾಂತ ಆಟಗಾರ ಲೆಬ್ರಾನ್ ಜೇಮ್ಸ್ ಮತ್ತು ಅವನ ಮಗ ಬ್ರಾನಿ ಒಟ್ಟಿಗೆ ಅಂಗಳಕ್ಕಿಳಿದರು. ಅಪ್ಪ-ಮಗ ಒಂದೇ ತಂಡದಲ್ಲಿ ಒಟ್ಟಿಗೆ ಆಡಿದ್ದು ಎನ್‌ಬಿಎ ಇತಿಹಾಸದಲ್ಲಿ ಅದೇ ಮೊದಲು. ಅಪ್ಪನಿಗೆ 39, ಮಗನಿಗೆ 20. ನಾನು ಸ್ವಲ್ಪ ಭಾವುಕಳಾಗಿಯೇ ಹೇಳಿದ್ದೆ. ಗ್ಯಾರೇಜಿನ ಹುಡುಗನೊಬ್ಬ "ಮಿಸ್, ನಮ್ಮಪ್ಪನ ಜೊತೆ ಒಂದಿನ ಗ್ಯಾರೇಜಲ್ಲಿ ನಿಲ್ಲಕ್ಕಾಗಲ್ಲ ನಂಗೆ, ಇವರು ಹೆಂಗೆ ಆಡ್ತಾರೆ" ಅಂತ ಹಾಕಿದ್ದ. ಆ ಸಂಜೆಯೇ ಗುಂಪು ಗಟ್ಟಿಯಾಯಿತು ಅನ್ನಬೇಕು.

ಜನವರಿ ಕೊನೆಯಲ್ಲಿ ಆದದ್ದು ನಿಮಗೆಲ್ಲ ಗೊತ್ತಿದೆ. ಯಾವ ಆಪರೇಷನ್, ಯಾಕೆ ಎರಡನೇ ಸಲ ಹಾಸನಕ್ಕೆ ಕರೆದುಕೊಂಡು ಹೋದರು, ಅದೆಲ್ಲ ಮತ್ತೆ ಹೇಳುವುದಿಲ್ಲ. ಹೇಳಿ ಹೇಳಿ ನನಗೇ ಬೇಜಾರಾಗಿದೆ.

ರಕ್ತ ಕೊಟ್ಟ ಮೈದಾನದ ಹುಡುಗರಿಗೆ, ನನ್ನ ಪೀರಿಯಡ್‌ಗಳನ್ನು ಮಾತಿಲ್ಲದೆ ಹಂಚಿಕೊಂಡ ಸಹೋದ್ಯೋಗಿಗಳಿಗೆ, ರಜೆ ಅರ್ಜಿ ಕೇಳದೇ ರಜೆ ಕೊಟ್ಟ ಹೆಡ್ ಮೇಡಂಗೆ, ಬೇಲೂರು ದಾರಿಯ ಹಂಪುಗಳಲ್ಲಿ ನನ್ನ ನರಳಾಟ ಕೇಳಿ ಗಾಡಿ ನಿಧಾನ ಮಾಡಿದ ಆಂಬುಲೆನ್ಸ್ ಡ್ರೈವರಿಗೆ, ಡಾಕ್ಟರಿಗೆ, ನೈಟ್ ಡ್ಯೂಟಿಯ ಸಿಸ್ಟರ್‌ಗಳಿಗೆ, ನಮ್ಮ ಬೀದಿಯಿಂದ ಊಟ ಕಳಿಸಿದ ಅಷ್ಟೂ ಮನೆಯವರಿಗೆ ಕೈಮುಗಿದು ಥ್ಯಾಂಕ್ಸ್. ನಮ್ಮೆಜಮಾನರಿಗೂ. ಅವರು ದುಡ್ಡು ಹೊಂದಿಸಲು, ಔಷಧಿ ತರಲು, ಮಗನನ್ನು ನೋಡಿಕೊಳ್ಳಲು ಹಾಸನಕ್ಕೂ ಚಿಕ್ಕಮಗಳೂರಿಗೂ ಓಡಾಡಿದ ಓಡಾಟ ಅವರ ಸ್ಕೂಟರಿಗೆ ಗೊತ್ತು. ಗಂಡನಿಗೆ ಹೀಗೆ ಊರೆಲ್ಲ ಓದುವ ಹಾಗೆ ಥ್ಯಾಂಕ್ಸ್ ಹೇಳಿದರೆ ಅವರಿಗೆ ಮುಜುಗರ, ಆದ್ದರಿಂದ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಇನ್ನು ಅಕ್ಕ.

ಅಕ್ಕ ಅಂದರೆ ನನ್ನ ಓರಗಿತ್ತಿ, ನಮ್ಮ ಭಾವನವರ ಹೆಂಡತಿ. ಆಲ್ದೂರಿನ ಹತ್ತಿರ ಅವರ ತೋಟ. ಪಾಲಾದ ಮೇಲೆ ಎರಡು ಮನೆಗಳ ನಡುವೆ ಮಾತು ಲೆಕ್ಕದಷ್ಟೇ ಇತ್ತು. ಮುಚ್ಚಿಡುವುದೇನಿಲ್ಲ, ಊರಿಗೇ ಗೊತ್ತಿರುವ ವಿಷಯ. ಹಬ್ಬಕ್ಕೆ ಹೋಗುತ್ತಿದ್ದೆವು, ಬರುತ್ತಿದ್ದರು, "ಊಟ ಆಯ್ತಾ", "ಮಳೆ ಹೆಂಗಿದೆ", ಅಷ್ಟೆ. ಅಂಥವರು ಫೆಬ್ರವರಿ 1ರ ಶನಿವಾರ ಸಂಜೆ ಹಾಸನದ ಆಸ್ಪತ್ರೆಗೆ ಒಬ್ಬರೇ ಬಂದರು. ರೋಬಸ್ಟಾ ಕೊಯ್ಲಿನ ನಡುಮಧ್ಯ ಅದು. ಆಳು ಸಿಗುವುದೇ ಕಷ್ಟ, ಕಾಫಿಗೆ ಹಿಂದೆ ಯಾವತ್ತೂ ಇರದಂಥ ರೇಟು, ಕಣದ ತುಂಬ ಹಣ್ಣು. ಅದನ್ನೆಲ್ಲ ಭಾವನವರ ತಲೆಗೆ ಕಟ್ಟಿ, ಬಸ್ಸು ಹಿಡಿದು ಬಂದಿದ್ದರು. ಕೈಯ ಬೆರಳುಗಳು ಹಣ್ಣಿನ ಅಂಟಿಗೆ ಕಪ್ಪಾಗಿದ್ದವು, ಕಾಲಲ್ಲಿ ತೋಟದ ಚಪ್ಪಲಿಯೇ. ನಮ್ಮೆಜಮಾನರು ಎರಡು ರಾತ್ರಿ ನಿದ್ದೆ ಇಲ್ಲದೆ ಗೋಡೆಗೆ ಒರಗಿದ್ದನ್ನು ನೋಡಿ, "ನೀವು ಮನೆಗೆ ಹೋಗಿ ಮಗನ ಹತ್ರ ಮಲಗಿ, ಇವತ್ತು ನಾನಿರ್ತೀನಿ" ಅಂದರು.

ಆ ರಾತ್ರಿಯೇ ಜ್ವರ ಏರಿದ್ದು.

ನನಗೆ ನೆನಪಿರುವುದು ತುಂಡು ತುಂಡು. ಟ್ಯೂಬ್‌ಲೈಟು, ಸಿಸ್ಟರ್ ಬಂದು ಹೋಗುವ ಸದ್ದು, ಹಣೆ ಮೇಲೆ ಒದ್ದೆ ಬಟ್ಟೆ. ಎಷ್ಟೋ ಹೊತ್ತಿಗೆ ನನಗೆ ಇನ್ನು ಆಗುವುದಿಲ್ಲ ಅನ್ನಿಸಿಬಿಟ್ಟಿತ್ತು. ಅಕ್ಕನ ಕೈ ಹಿಡಿದು, "ಮಗನ್ನ ನೀವೇ ನೋಡ್ಕೊಳಿ" ಅಂದೆ. ಇದನ್ನು ಬರೆಯಬೇಕೋ ಬೇಡವೋ ಅಂತ ತುಂಬ ಯೋಚಿಸಿದೆ. ಅಂದಿದ್ದು ನಿಜ. ನಮ್ಮಿಬ್ಬರ ನಡುವೆ ಇದ್ದ ಮಾತಿಗೆ ಹೋಲಿಸಿದರೆ ಅದು ಎಷ್ಟು ದೊಡ್ಡ ಮಾತು ಅಂತ ಈಗ ಗೊತ್ತಾಗುತ್ತದೆ. ಅಕ್ಕ ಅಳಲಿಲ್ಲ. "ನಿನ್ ಮಗ ನಮ್ಮನೇಗೆ ಬಂದ್ರೆ ಮೀನು ಮುಟ್ಟಲ್ಲ, ರೊಟ್ಟಿ ದಪ್ಪ ಅಂತಾನೆ. ನಾನ್ಯಾಕೆ ನೋಡ್ಕೊಳ್ಲಿ? ನೀನೇ ನೋಡ್ಕೋ" ಅಂದರು. ಅಂದು ಬಟ್ಟೆ ಹಿಂಡಿ ಮತ್ತೆ ಹಣೆ ಮೇಲೆ ಹಾಕಿದರು.

ಆಮೇಲೆ ನನ್ನನ್ನು ಮಾತಾಡಿಸಲು ಶುರು ಮಾಡಿದರು. "ಅದೇನೋ ಚೆಂಡಿನ ಆಟದ ಕಥೆ ಹೇಳ್ತೀಯಂತಲ್ಲ, ನಂಗೂ ಹೇಳು. ಎಷ್ಟು ಜನ ಆಡ್ತಾರೆ?" ತಂಡಕ್ಕೆ ಐದು ಅಂದೆ. "ಎಷ್ಟೊತ್ತು?" 48 ನಿಮಿಷ. "ಚೆಂಡು ಸಿಕ್ಕಿದೋನು ಇಟ್ಕೊಂಡು ಕೂತ್ರೆ?" ಹಾಗೆ ಕೂರುವಂತಿಲ್ಲ, 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು. "ಅದ್ಯಾವ ಲೆಕ್ಕ, 24?"

ಜ್ವರದ ಬಾಯಲ್ಲಿ ನಾನು ಆ ಕಥೆಯನ್ನು ಹೇಳಿದೆನಂತೆ. 1950ರಲ್ಲಿ ಫೋರ್ಟ್ ವೇನ್ ಅನ್ನೋ ಊರಿನ ತಂಡ ಲೇಕರ್ಸ್ ವಿರುದ್ಧ ಚೆಂಡನ್ನು ಹಿಡಿದುಕೊಂಡೇ ಹೊತ್ತು ಕಳೆದು 19–18ರಲ್ಲಿ ಗೆದ್ದಿತು. ಇಡೀ ಪಂದ್ಯಕ್ಕೆ ಎರಡೂ ತಂಡ ಸೇರಿ 37 ಪಾಯಿಂಟು. ನೋಡುವವರಿಗೆ ಬೇಸರ ಬರದೆ ಇನ್ನೇನು. ಕೊನೆಗೆ ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಲೆಕ್ಕ ಹಾಕಿದ. ಒಳ್ಳೆಯ ಪಂದ್ಯವೊಂದರಲ್ಲಿ ಎರಡೂ ಕಡೆ ಸೇರಿ ಸುಮಾರು 120 ಸಲ ಎಸೆಯುತ್ತಾರೆ, 48 ನಿಮಿಷ ಅಂದರೆ 2,880 ಸೆಕೆಂಡು, ಭಾಗಿಸಿದರೆ 24. 1954ರಲ್ಲಿ ನಿಯಮ ಬಂತು. ಅಕ್ಕ ಲೆಕ್ಕದವರು, ಭಾಗಾಕಾರ ಸರಿ ಇದೆಯೇ ಅಂತ ಮನಸ್ಸಲ್ಲೇ ನೋಡಿಕೊಂಡರಂತೆ. "24 ಸೆಕೆಂಡಲ್ಲಿ ಎಸೀದಿದ್ರೆ?" "ಚೆಂಡು ಎದುರಿನವರಿಗೆ." "ವಾಪಸ್ ಬರಲ್ವಾ?" "ಬರತ್ತೆ ಅಕ್ಕ, ಅವರೂ 24 ಸೆಕೆಂಡಲ್ಲಿ ಎಸೀಬೇಕಲ್ಲ." "ಹಂಗಾದ್ರೆ ಪರ್ವಾಗಿಲ್ಲ. ಮುಂದೆ ಹೇಳು."

ಬೆಳಗಿನವರೆಗೂ ಹೀಗೇ ನಡೆಯಿತಂತೆ. ನೀನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಅರ್ಥವಾಗಲಿಲ್ಲ, ನೀನು ಬಾಯಿ ಮುಚ್ಚಿದರೆ ನಂಗೆ ಹೆದರಿಕೆ ಆಗ್ತಿತ್ತು ಅಂತ ಅಕ್ಕ ಹೇಳಿದ್ದು ಎಷ್ಟೋ ದಿನದ ಮೇಲೆ, ಅದೂ ಬೇರೇನೋ ಮಾತಿನ ನಡುವೆ.

ಅಕ್ಕನ ಬಳಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇರುತ್ತದೆ, ರಬ್ಬರ್ ಬ್ಯಾಂಡ್ ಹಾಕಿ ಚೀಲದಲ್ಲಿ. ದಿನವೂ ಅದರಲ್ಲಿ ಕಾಫಿ ರೇಟು ಬರೆಯುತ್ತಾರೆ. ಅರೇಬಿಕಾ ಪಾರ್ಚ್‌ಮೆಂಟು, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟು, ರೋಬಸ್ಟಾ ಚೆರ್ರಿ, ಕೆಳಗೆ ಕಾಳುಮೆಣಸು, ಅದರ ಕೆಳಗೆ ಆಳುಗಳ ಹೆಸರು, ಕೂಲಿ. ಆ ಶನಿವಾರದ ಪುಟವನ್ನು ಈಚೆಗೆ ನೋಡಿದೆ. ರೇಟಿನ ಕೆಳಗೆ ಗೆರೆ ಎಳೆದು, ಗಂಟೆ ಗಂಟೆಗೂ ನನ್ನ ಜ್ವರ, ಬಿಪಿ. ಸಿಸ್ಟರ್ ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದಾರೆ. ನಡುರಾತ್ರಿ ಕಳೆದ ಮೇಲೆ ಅಂಕಿಗಳು ಏರುತ್ತವೆ, ಅಕ್ಷರ ಚೂರು ಸೊಟ್ಟಗಾಗುತ್ತದೆ. ಒಂದು ಕಡೆ ಬರೀ ಹೊತ್ತು ಬರೆದು ಮುಂದೆ ಏನೂ ಬರೆದಿಲ್ಲ. ಆಮೇಲೆ ಇಳಿಯುತ್ತಾ ಬರುತ್ತದೆ. ಅದರ ಕೆಳಗೆ, ಅದೇ ಕೈಬರಹದಲ್ಲಿ, "ಲೂಕಾ – ಲೇಕರ್ಸ್. ಡೇವಿಸ್ – ಡಲ್ಲಾಸ್. ನಿಜ."

ಅದರ ಕಥೆ ಹೀಗೆ. ಭಾನುವಾರ ಬೆಳಗ್ಗೆ ಹತ್ತೂವರೆ ದಾಟಿದ ಮೇಲೆ, ಅಕ್ಕನ ಕೈಯಲ್ಲಿದ್ದ ನನ್ನ ಫೋನು ಹೊಡೆದುಕೊಳ್ಳಲು ಶುರುವಾಯಿತು. ಗುಂಪಿನಲ್ಲಿ ನೀವೆಲ್ಲ "ಅಯ್ಯೋ ಲೂಕಾ ಹೋದ", "ನಂಬಕ್ಕೇ ಆಗ್ತಿಲ್ಲ", "ಸುಳ್ಳಿರಬೇಕು" ಅಂತ ಹಾಕುತ್ತಿದ್ದಿರಿ. ಅಕ್ಕ ಗಾಬರಿಯಾಗಿ, ಆದರೂ ಮೆತ್ತಗೆ, "ಲೂಕಾ ಅಂದ್ರೆ ಯಾರು? ನಿಮ್ಮ ಶಾಲೆಯವರಾ? ವಯಸ್ಸಾಗಿತ್ತಾ?" ಅಂತ ಕೇಳಿದರು. ಲೂಕಾ ಡೊನ್ಚಿಚ್‌ಗೆ 25 ವರ್ಷ. ಹಿಂದಿನ ವರ್ಷವಷ್ಟೇ ಡಲ್ಲಾಸ್ ತಂಡವನ್ನು ಫೈನಲ್ಸ್‌ವರೆಗೆ ಎಳೆದುಕೊಂಡು ಹೋದವನು. ಅಂಥವನನ್ನು ರಾತ್ರೋರಾತ್ರಿ ಲೇಕರ್ಸ್‌ಗೆ ಕೊಟ್ಟು ಆಂಥೊನಿ ಡೇವಿಸ್‌ನನ್ನು ಕರೆಸಿಕೊಂಡಿದ್ದರು. ಸುದ್ದಿ ಹಾಕಿದ ವರದಿಗಾರನ ಖಾತೆಯನ್ನು ಯಾರೋ ಹ್ಯಾಕ್ ಮಾಡಿದ್ದಾರೆ ಅಂತ ಅಮೆರಿಕದವರೇ ಅಂದುಕೊಂಡರು. ಇನ್ನು ನಾನು? ಜ್ವರ ಇನ್ನೂ ಇಳಿದಿಲ್ಲ, ತಲೆ ಕೆಟ್ಟಿದೆ ಅಂತಲೇ ನಂಬಿದೆ. ಮತ್ತೆ ಮತ್ತೆ ಓದಿಸಿದೆ. ಅಕ್ಕನಿಗೆ ಸಾಕಾಗಿ ಪುಸ್ತಕದಲ್ಲಿ ಬರೆದು ಕಣ್ಣೆದುರು ಹಿಡಿದರು, ಕೊನೆಗೆ "ನಿಜ" ಅಂತ ಸೇರಿಸಿ.

ಆ ಮಧ್ಯಾಹ್ನ ನೀವು ಮೊದಲ ಸಲ ಅಕ್ಕನ ದನಿ ಕೇಳಿದಿರಿ. "ಪಿಟಿ ಮಿಸ್‌ಗೆ ಜ್ವರ ಇಳಿದಿದೆ. ಲೂಕಾ ಬದುಕಿದ್ದಾನೆ, ಊರು ಬದಲಾಯಿಸಿದ್ದಾನೆ ಅಷ್ಟೆ. ಗಾಬರಿ ಆಗಬೇಡಿ." ಇಷ್ಟೇ. ಈ ವರ್ಷದ ವಾಯ್ಸ್‌ಗಳಲ್ಲಿ ಅದಕ್ಕಿಂತ ಒಳ್ಳೆಯದು ನನ್ನಿಂದ ಒಂದೂ ಬರಲಿಲ್ಲ.

ನಾನು ಆಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಅಕ್ಕ ತೋಟಕ್ಕೆ ವಾಪಸು ಹೋದ ಮೇಲೂ, ಪಲ್ಪರ್ ಸದ್ದಿನ ನಡುವೆ, ಫೋನಿನಲ್ಲಿ ಸ್ಕೋರು ನೋಡಿ ದಿನವೂ ಹೇಳಿದರು. ಅವರಿಗೆ ಗೊತ್ತಿದ್ದುದು ಒಂದೇ ಧಾಟಿ, ಕಾಫಿ ರೇಟು ಹೇಳುವ ಧಾಟಿ. "ಬಾಸ್ಟನ್ ಮೊನ್ನೆಗಿಂತ ಹತ್ತು ಇಳಿದಿದೆ. ಡೆನ್ವರ್ ಸ್ಥಿರ. ಒಕ್ಲಹೋಮಾ ಏರ್ತಾನೇ ಇದೆ, ಹಿಡಿದಿಟ್ಕೊಂಡೋರು ಮಾರಬೇಡಿ." ಗೆದ್ದವರಾರು ಸೋತವರಾರು ಅನ್ನುವುದನ್ನು ಕೆಲವು ದಿನ ಹೇಳುತ್ತಲೇ ಇರಲಿಲ್ಲ. ಫೆಬ್ರವರಿ ನಡುವೆ ಆಲ್‌ಸ್ಟಾರ್ ಬಿಡುವಿನಲ್ಲಿ ಪಂದ್ಯ ಇಲ್ಲದಾಗ "ಇವತ್ತು ಮಾರ್ಕೆಟ್ ರಜೆ" ಅಂದು ಮುಗಿಸಿದರು. ನಾನು ಹಾಸಿಗೆಯಲ್ಲಿ ಹೊಲಿಗೆ ಹಿಡಿದುಕೊಂಡು ನಕ್ಕಿದ್ದೇನೆ. ನಮ್ಮ ಹುಡುಗಿಯರಂತೂ "ಮಿಸ್, ನೀವು ಬೇಕಾದ್ರೆ ಇನ್ನೂ ಸ್ವಲ್ಪ ರೆಸ್ಟ್ ತಗೊಳಿ" ಅಂತ ಸಂದೇಶ ಕಳಿಸಿದರು. ಅರ್ಥವಾಯಿತು ಮಕ್ಕಳೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಕ್ಕನಿಗೆ ಆಟ ಇಷ್ಟವಾಗಲಿಲ್ಲ, ಇವತ್ತಿಗೂ ಇಷ್ಟವಿಲ್ಲ. ಇಷ್ಟವಾಯಿತು ಅಂತ ಬರೆದರೆ ಓದಲು ಚೆನ್ನಾಗಿರುತ್ತಿತ್ತು, ಆದರೆ ಓದಿ ಅವರೇ ಬೈಯುತ್ತಾರೆ. ಉದ್ದ ಇರೋರು ಎತ್ತರದ ಬುಟ್ಟಿಗೆ ಚೆಂಡು ಹಾಕೋದರಲ್ಲಿ ಏನು ದೊಡ್ಡಸ್ತಿಕೆ ಅನ್ನುವುದು ಅವರ ವಾದ. ಮಾರ್ಚ್‌ನಲ್ಲಿ ಸ್ಟೆಫ್ ಕರಿ 4,000ನೇ ತ್ರೀ ಪಾಯಿಂಟರ್ (ದೂರದಿಂದ ಎಸೆದು ಮೂರು ಪಾಯಿಂಟು ತರುವ ಹೊಡೆತ) ಹೊಡೆದ ದಿನ ನಾನು ಕುಣಿಯುವುದೊಂದು ಬಾಕಿ, ಅಕ್ಕ "ಅವನು ಮೊದಲೂ ಹೊಡೀತಿದ್ನಲ್ಲ" ಅಂದರು. ಏಪ್ರಿಲ್‌ನಲ್ಲಿ ಒಂದು ಸಲ ಮಾತ್ರ ಪರದೆಯಿಂದ ಕಣ್ಣು ತೆಗೆಯದೆ ನೋಡಿದ್ದಾರೆ. ಲೂಕಾ ಲೇಕರ್ಸ್ ಅಂಗಿ ಹಾಕಿಕೊಂಡು ಮೊದಲ ಸಲ ಡಲ್ಲಾಸ್‌ಗೆ ಆಡಲು ಬಂದ ದಿನ. ಪಂದ್ಯಕ್ಕೆ ಮುಂಚೆ ಅವನ ಹಳೆಯ ಆಟವನ್ನೆಲ್ಲ ಜೋಡಿಸಿ ದೊಡ್ಡ ಪರದೆ ಮೇಲೆ ತೋರಿಸಿದರು, ಅವನು ಬೆಂಚಿನಲ್ಲಿ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡು ಅತ್ತ. ಅತ್ತು ಎದ್ದು 45 ಪಾಯಿಂಟು ಹೊಡೆದ. "ಒಳ್ಳೇ ಹುಡುಗ. ಕೊಟ್ಟೋರಿಗೆ ಬುದ್ಧಿ ಇರ್ಲಿಲ್ಲ" ಅಂದರು ಅಕ್ಕ. ಬ್ಯಾಸ್ಕೆಟ್‌ಬಾಲ್ ಪಂಡಿತರು ಪುಟಗಟ್ಟಲೆ ಬರೆದು ಮುಟ್ಟಿದ ತೀರ್ಮಾನವೂ ಹೆಚ್ಚು ಕಡಿಮೆ ಅದೇ.

ಮಾರ್ಚ್ ಹೊತ್ತಿಗೆ ನಾನು ಮತ್ತೆ ವಾಯ್ಸ್ ಶುರು ಮಾಡಿದ್ದೆ, ಮೊದಲು ಒಂದೆರಡು ನಿಮಿಷ, ಆಮೇಲೆ ಪೂರ್ತಿ. ಮೇ ತಿಂಗಳಲ್ಲಿ ಇಂಡಿಯಾನಾ ಪೇಸರ್ಸ್ ಮಾಡಿದ್ದನ್ನು ಹೇಳಲು ಅದು ಬೇಕಿತ್ತು. ನ್ಯೂಯಾರ್ಕ್ ವಿರುದ್ಧ ಮೂರು ನಿಮಿಷಕ್ಕೂ ಕಡಿಮೆ ಇರುವಾಗ 14 ಪಾಯಿಂಟು ಹಿಂದಿದ್ದವರು ಗೆದ್ದರು. ಫೈನಲ್ಸ್‌ನ ಮೊದಲ ಪಂದ್ಯದಲ್ಲಿ ಟೈರೀಸ್ ಹ್ಯಾಲಿಬರ್ಟನ್ ಬುಟ್ಟಿಗೆ ಹಾಕಿದಾಗ ಉಳಿದಿದ್ದು 0.3 ಸೆಕೆಂಡು. ಇಡೀ ಪಂದ್ಯದಲ್ಲಿ ಇಂಡಿಯಾನಾ ಮುಂದಿದ್ದದ್ದು ಅಷ್ಟೇ ಹೊತ್ತು, 111–110. ಎದುರಿಗಿದ್ದ ಒಕ್ಲಹೋಮಾ ಲೀಗ್ ಹಂತದಲ್ಲಿ 68 ಗೆದ್ದು ಬರೀ 14 ಸೋತ ತಂಡ. ಅವರ ಶೇ ಗಿಲ್ಜಿಯಸ್-ಅಲೆಕ್ಸಾಂಡರ್ ಆ ವರ್ಷದ ಎಂವಿಪಿ, ಅಂದರೆ ಅತ್ಯುತ್ತಮ ಆಟಗಾರ. ಆದರೂ ಫೈನಲ್ಸ್ ಏಳನೇ, ಅಂದರೆ ಕೊನೆಯ ಪಂದ್ಯದವರೆಗೆ ಹೋಯಿತು, 2016ರ ನಂತರ ಫೈನಲ್ಸ್ ಅಷ್ಟು ದೂರ ಹೋಗಿದ್ದು ಅದೇ ಮೊದಲು.

ಈ ವರ್ಷ ಮಳೆ ಮೇ ತಿಂಗಳಲ್ಲೇ ಹಿಡಿದದ್ದು ನಿಮಗೇ ಗೊತ್ತು. ಜೂನ್ 23ರ ಸೋಮವಾರ ಬೆಳಗ್ಗೆ ಐದೂವರೆಗೆ ಏಳನೇ ಪಂದ್ಯ. ತೋಟದಲ್ಲಿ ಕರೆಂಟಿಲ್ಲ ಅಂತ ಅಕ್ಕ ನಮ್ಮನೆಯಲ್ಲಿದ್ದರು, ನಮ್ಮನೆಯಲ್ಲೂ ಕರೆಂಟು ಹೋಗಿತ್ತು. ಮಗನ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಅಡುಗೆಮನೆಯಲ್ಲೇ ನೋಡಿದೆವು. ಹ್ಯಾಲಿಬರ್ಟನ್‌ಗೆ ಮೀನಖಂಡದ ನೋವು ಮೊದಲೇ ಇತ್ತು, ಆದರೂ ಇಳಿದ. ಇಳಿದ ಕೆಲವೇ ನಿಮಿಷಗಳಲ್ಲಿ ಮೂರು ತ್ರೀ ಪಾಯಿಂಟರ್ ಹೊಡೆದ. ಮೊದಲ ಕ್ವಾರ್ಟರ್ ಮುಗಿಯುವ ಮುಂಚೆ ಚೆಂಡು ಹಿಡಿದು ಮುಂದಕ್ಕೆ ನುಗ್ಗಲು ಹೋಗಿ ಬಿದ್ದ. ಹಿಮ್ಮಡಿಯ ಸ್ನಾಯುರಜ್ಜು ಹರಿದಿತ್ತು. ಬಿದ್ದಲ್ಲೇ ನೆಲಕ್ಕೆ ಗುದ್ದಿ ಗುದ್ದಿ ಅತ್ತ.

ನನ್ನ ಕೈ ತಾನಾಗಿ ಹೊಲಿಗೆಯ ಮೇಲೆ ಹೋಯಿತು. ಮೈ ಕೈಕೊಡುವ ಕ್ಷಣ ಹೇಗಿರುತ್ತದೆ ಅಂತ ಈಗ ಗೊತ್ತಿರುವುದರಿಂದಲೋ ಏನೋ, ಆಪರೇಷನ್ ಆದಾಗಿನಿಂದ ಅಳದವಳು ಅವತ್ತು ಅಡುಗೆಮನೆಯಲ್ಲಿ ಕೂತು ಜೋರಾಗಿ ಅತ್ತುಬಿಟ್ಟೆ. ಮಗ ಹೆದರಿ ಅಪ್ಪನನ್ನು ಎಬ್ಬಿಸಲು ಓಡಿದ. ಅಕ್ಕ ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ. ಹ್ಯಾಲಿಬರ್ಟನ್‌ನನ್ನು ಇಬ್ಬರು ಹಿಡಿದು ಒಳಗೆ ಕರೆದೊಯ್ಯುತ್ತಿದ್ದುದನ್ನೇ ನೋಡುತ್ತಿದ್ದವರು, "ಇವನ ಜೊತೆ ರಾತ್ರಿ ಯಾರಿರ್ತಾರೆ?" ಅಂತ ಕೇಳಿದರು.

"ಅಪ್ಪ ಇದ್ದಾರೆ ಅಕ್ಕ" ಅಂದೆ.

"ಹಂಗಾದ್ರೆ ಸರಿ" ಅಂದು ಕಾಫಿಗೆ ನೀರಿಟ್ಟರು. ಒಕ್ಲಹೋಮಾ 103–91ರಲ್ಲಿ ಗೆದ್ದಿತು. ಆ ಗಾಯದ ಮೇಲೆ ಆಡಬಾರದಿತ್ತು ಅಂತ ನಿಮ್ಮಲ್ಲಿ ಕೆಲವರು ವಾದ ಮಾಡಿದಿರಿ. ಅವನೇ ಆಪರೇಷನ್ ಮುಗಿದ ಮೇಲೆ, ಮತ್ತೆ ಅಂಥದೇ ಸಂದರ್ಭ ಬಂದರೆ ಮತ್ತೆ ಆಡುತ್ತೇನೆ ಅಂತ ಬರೆದ. ನನ್ನ ಅಭಿಪ್ರಾಯ ಅವನ ಕಡೆ. ಪಿಟಿ ಮಿಸ್ ಆಗಿ ಮಕ್ಕಳಿಗೆ ಹಾಗೆ ಹೇಳುವಂತಿಲ್ಲ, ಆದ್ದರಿಂದ ಹುಡುಗಿಯರು ಈ ಸಾಲನ್ನು ಓದಿಲ್ಲ ಅಂದುಕೊಳ್ಳಿ.

ಅಕ್ಕ, ಇದನ್ನೆಲ್ಲ ಎದುರಿಗೆ ಹೇಳಲು ಎರಡು ಸಲ ಬಾಯಿ ತೆಗೆದಿದ್ದೆ. ಎರಡು ಸಲವೂ ನೀವು "ಸುಮ್ನಿರು ಮಾರಾಯ್ತಿ" ಅಂದು ಎದ್ದು ಹೋದಿರಿ. ಇಲ್ಲಿ ಬರೆದರೆ ಎದ್ದು ಹೋಗಲಾಗುವುದಿಲ್ಲ. ಆ ರಾತ್ರಿ ನೀವು ಬರದೇ ಇದ್ದಿದ್ದರೆ ಯಾರೂ ನಿಮ್ಮನ್ನು ಏನೂ ಅನ್ನುತ್ತಿರಲಿಲ್ಲ. ನಾನೂ ಅನ್ನುತ್ತಿರಲಿಲ್ಲ. ಆದರೂ ಬಂದಿರಿ. ನಿಮ್ಮ ಋಣ ದೊಡ್ಡದು. ಪುಸ್ತಕದ ಆ ಪುಟದ ಒಂದು ಜೆರಾಕ್ಸ್ ಮಾಡಿಸಿಕೊಂಡಿದ್ದೇನೆ, ಕೇಳದೇ ಮಾಡಿಸಿದ್ದಕ್ಕೆ ಬೈಯಬೇಡಿ.

ಅಕ್ಟೋಬರಿನಲ್ಲಿ ಹೊಸ ಸೀಸನ್. ವಾಯ್ಸ್ ನಾನೇ ಮಾಡುತ್ತೇನೆ. ವಾರಕ್ಕೊಂದು ದಿನ ಅಕ್ಕನ ರೇಟು ಬೇಕೇ ಬೇಕು ಅಂತ ಗುಂಪಿನಲ್ಲಿ ಒತ್ತಾಯ ಇದೆ, ಕೇಳಿದ್ದೇನೆ. "ಕೊಯ್ಲು ಶುರುವಾಗೋ ತನಕ ನೋಡೋಣ" ಅಂದಿದ್ದಾರೆ. ಅಂದರೆ ಒಪ್ಪಿದ ಹಾಗೆ.

ಕೊನೆಯದಾಗಿ, ಊಟ ಕಳಿಸಿದ ಕ್ಯಾರಿಯರ್‌ಗಳು ನಮ್ಮನೆ ಅಟ್ಟದ ಮೇಲೆ ಸಾಲಾಗಿ ಕೂತಿವೆ. ಯಾರದು ಯಾವುದು ಅಂತ ನನಗೆ ತಿಳಿಯುತ್ತಿಲ್ಲ, ಎರಡಕ್ಕೆ ಮುಚ್ಚಳ ಹೊಂದುತ್ತಿಲ್ಲ. ಮಳೆ ಬಿಟ್ಟ ದಿನ ಸಂಜೆ ಬಂದು ನಿಮ್ಮ ನಿಮ್ಮದನ್ನು ಗುರುತಿಸಿ ತೆಗೆದುಕೊಂಡು ಹೋಗಿ. ಹಿಡಿಕೆ ಹತ್ತಿರ ಕೆಂಪು ನೇಲ್‌ಪಾಲಿಶ್ ಗುರುತಿರುವುದು ನಮ್ಮದು, ಅದನ್ನು ಒಯ್ಯಬೇಡಿ.